ಗೋಡೆಯಾಚೆಯ ನರ್ಸಮ್ಮ

ನಮ್ಮ ಮನೆಗೂ ನರ್ಸಮ್ಮನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರು ತೀರಿಕೊಂಡ ಸುದ್ದಿ ಆ ಗೋಡೆ ದಾಟಿ ನನ್ನವರೆಗೆ ಬರಲು ಹನ್ನೊಂದು ದಿನ ಹಿಡಿಯಿತು.

ಸುದ್ದಿ ತಂದವಳು ನಮ್ಮ ಮನೆಗೆಲಸಕ್ಕೆ ಬರುವ ಮಂಜುಳ. ಪಾತ್ರೆ ತೊಳೆಯುತ್ತಾ ಬೇರೆ ಯಾವುದೋ ಮಾತಿನ ನಡುವೆ, "ನರ್ಸಮ್ಮ ಇದ್ದಿದ್ರೆ ಬೈತಿದ್ರು" ಅಂದಳು. "ಇದ್ದಿದ್ರೆ ಅಂದ್ರೆ?" ಎಂದೆ. ಅವಳು ನಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಯ್ಯೋ ಅಕ್ಕ, ನಿಮಗೆ ಗೊತ್ತಿಲ್ವಾ? ಹೋಗ್ಬಿಟ್ರಲ್ಲ. ಹೋದ ಭಾನುವಾರ ಅಲ್ಲ, ಅದರ ಹಿಂದಿನ ಭಾನುವಾರ. ಇಡೀ ಊರೇ ಸೇರಿತ್ತು. ನಿಮಗೆ ಗೊತ್ತಿರುತ್ತೆ ಅಂತ ನಾನೂ ಹೇಳ್ಲಿಲ್ಲ."

ಆ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಒಂದು ದೂರು ಬಂದಿತ್ತು. ಹಳ್ಳಿಯವರ ಯಾವುದೋ ಶವಯಾತ್ರೆ ಮೇನ್ ಗೇಟಿನ ಮುಂದೆ ನಿಂತುಬಿಟ್ಟಿದೆ, ಅರ್ಧ ಗಂಟೆಯಿಂದ ಒಂದು ಕಾರೂ ಹೊರಗೆ ಹೋಗಲಾಗುತ್ತಿಲ್ಲ, ಸೆಕ್ಯುರಿಟಿಯವರು ಏನು ಮಾಡುತ್ತಿದ್ದಾರೆ ಎಂದು ಯಾರೋ ಬರೆದಿದ್ದರು. ನಾನು ಮಗಳ ನಿಶ್ಚಿತಾರ್ಥಕ್ಕೆ ಸೀರೆ ನೋಡಲು ಜಯನಗರ ನಾಲ್ಕನೇ ಬ್ಲಾಕಿಗೆ ಹೊರಟಿದ್ದೆ. ತಡವಾಯಿತಲ್ಲ ಎಂಬ ಸಿಟ್ಟಿನಲ್ಲಿ ಆ ದೂರಿನ ಕೆಳಗೆ ಹೆಬ್ಬೆರಳಿನ ಗುರುತು ಒತ್ತಿದೆ. ಒಂಬತ್ತನೇ ಮಹಡಿಯ ಬಾಲ್ಕನಿಯಿಂದ ಬಗ್ಗಿ ನೋಡಿದಾಗ ಹೂವು ಮುಚ್ಚಿದ ಗಾಡಿಯೊಂದು ಕಂಡಿತು. ಅದರಲ್ಲಿ ಮಲಗಿದ್ದವರು ನರ್ಸಮ್ಮ.

ಗೊತ್ತಿದ್ದವರು ತೀರಿಕೊಂಡಾಗ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದು ರೂಢಿ. ನರ್ಸಮ್ಮನ ಬಗ್ಗೆ ಒಳ್ಳೆಯ ಮಾತು ಎಷ್ಟು ಬೇಕಾದರೂ ಇವೆ. ಆದರೆ ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಬಿಟ್ಟು ಅವನ್ನು ಬರೆದರೆ ಸುಳ್ಳು ಬರೆದಂತಾಗುತ್ತದೆ.

ಅವರಿಗೆ ಚೆಂದದ ಹೆಸರೊಂದಿತ್ತು. ಅದನ್ನು ಇಲ್ಲಿ ಬರೆಯಲು ನನಗೆ ಮುಖವಿಲ್ಲ. ಊರಿನವರೆಲ್ಲ ನರ್ಸಮ್ಮ ಎಂದೇ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು.

ಬನಶಂಕರಿ ಬಸ್ ನಿಲ್ದಾಣದಿಂದ ಇನ್ನೂ ಮುಂದೆ, ಕನಕಪುರ ರಸ್ತೆಯ ಒಳಭಾಗದಲ್ಲಿ ಒಂದು ಹಳೆಯ ಹಳ್ಳಿ ಇದೆ. ಈಗ ಸುತ್ತಲೂ ಬಡಾವಣೆಗಳು ಬಂದು ಅದು ಹಳ್ಳಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಓಣಿಗಳ ಅಗಲ ನೋಡಿ ತಿಳಿದುಕೊಳ್ಳಬೇಕು. ನಾವು, ಅಂದರೆ ನಾನು, ನನ್ನ ಗಂಡ, ಪುಟ್ಟ ಮಗಳು ಮತ್ತು ನನ್ನ ಅಮ್ಮ, ಆ ಓಣಿಯ ಒಂದು ಮೊದಲ ಮಹಡಿಯಲ್ಲಿ ಹದಿನಾಲ್ಕು ವರ್ಷ ಬಾಡಿಗೆಗಿದ್ದೆವು. ಓಣಿಯ ಕೊನೆಯ ಮನೆ ನರ್ಸಮ್ಮನದು. ಕಲ್ಲು ಒಡೆಯುತ್ತಿದ್ದವರ ಮಗಳು ಅವರು. ಅವರ ಕೇರಿಯಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹೆಣ್ಣುಮಗಳು. ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿ ದುಡಿದು, ನಾವು ಅಲ್ಲಿಗೆ ಹೋದ ಕೆಲವು ವರ್ಷಗಳಲ್ಲಿ ನಿವೃತ್ತರಾದರು. ಗಂಡ ಬೇಗ ಹೋಗಿದ್ದರು. ಒಬ್ಬ ಮಗ ತುಮಕೂರಿನಲ್ಲಿ ಕೆಲಸದಲ್ಲಿದ್ದ.

ನಿವೃತ್ತಿಯ ನಂತರವೂ ಅವರ ನಡಿಗೆ ವಾರ್ಡಿನ ನಡಿಗೆಯೇ ಆಗಿತ್ತು. ಮಳೆ ಬಿಸಿಲು ಯಾವುದಿರಲಿ, ಕೈಯಲ್ಲಿ ಛತ್ರಿ. ಗಡಿಯಾರವನ್ನು ಕೈಗೆ ಕಟ್ಟುತ್ತಿರಲಿಲ್ಲ, ಸೆರಗಿನ ಹತ್ತಿರ ಪಿನ್ನಿಗೆ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುತ್ತಿದ್ದರು. ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಳ್ಳುವ ಆಸೆ ಬಹಳ. ಹಚ್ಚುವ ತಾಳ್ಮೆ ಕಡಿಮೆ. ತಿಂಗಳಿಗೆ ಎರಡು ದಿನ ಅವರ ಕಿವಿಗಳೂ ಕಪ್ಪಗಿರುತ್ತಿದ್ದವು. ಯಾರ ಮನೆಗೆ ಹೋದರೂ ಮೊದಲು ಕೇಳುವುದು ಸೋಪು. "ಮೊದ್ಲು ಸೋಪು, ಆಮೇಲೆ ಮಾತು." ಸೋಪು ಸವೆದು ಚೂರಾಗಿದ್ದರೆ ಮನೆಯವರಿಗೆ ಬೈಗುಳ.

ನನ್ನ ಮಗಳು ಸೂಜಿ ಕಂಡರೆ ಮಂಚದ ಕೆಳಗೆ ತೂರುವವಳು. ನರ್ಸಮ್ಮ ಅವಳ ತೋಳು ಸವರುತ್ತಾ, "ನಿಮ್ಮ ಟೀಚರ್ ಹೆಸರೇನೇ?" ಎಂದು ಕೇಳುವರು. ಹುಡುಗಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಮುಂದಿನ ಸಲ ಮಗಳು ಬುದ್ಧಿವಂತಿಕೆಯಿಂದ ಬಾಯಿ ಬಿಗಿಹಿಡಿದು ಕೂತಳು. ನರ್ಸಮ್ಮ, "ಹೇಳ್ಬೇಡ ಬಿಡು, ನನಗೆ ಗೊತ್ತು, ನಿಂಗಮ್ಮ ಟೀಚರ್" ಎಂದರು. "ಅಲ್ಲ!" ಎಂದು ಇವಳು ಕೂಗುವಷ್ಟರಲ್ಲಿ ಕೆಲಸ ಮುಗಿದಿತ್ತು.

ದೇವತೆಯಂಥ ಹೆಂಗಸು ಎಂದು ನಾನು ಹೇಳಲಾರೆ. ಅವರ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಯಾರ ಸೊಸೆಗೆ ಎಷ್ಟು ತಿಂಗಳು ಎಂಬುದು ಸೊಸೆಯ ಗಂಡನಿಗಿಂತ ಮೊದಲು ಓಣಿಗೆ ಗೊತ್ತಾಗುತ್ತಿತ್ತು. ಒಮ್ಮೆ ನಮ್ಮ ನೆಂಟರೆಲ್ಲ ಕೂತಿದ್ದಾಗ ನನ್ನ ಗಂಡನ ಹೊಟ್ಟೆ ನೋಡಿ, "ಏನ್ ಸಾರ್, ನಿಮ್ಗೆ ಎಷ್ಟನೇ ತಿಂಗಳು?" ಎಂದುಬಿಟ್ಟರು. ನನ್ನ ಗಂಡ ಆಮೇಲೆ ಆರು ತಿಂಗಳು ಅವರೆದುರಿಗೆ ಬರಲಿಲ್ಲ.

ಅವರಿಗೂ ನನ್ನ ಅಮ್ಮನಿಗೂ ಸ್ನೇಹವಾದ ಬಗೆಯನ್ನು ಅಮ್ಮನೇ ಎಷ್ಟೋ ಜನರ ಮುಂದೆ ಹೇಳಿದ್ದಳು, ಹಾಗಾಗಿ ನಾನೂ ಹೇಳಬಹುದು. ನಾವು ಓಣಿಗೆ ಹೋದ ಮೊದಲ ವರ್ಷ ಅಮ್ಮನಿಗೆ ಟೈಫಾಯ್ಡ್ ಬಂತು. ನರ್ಸಮ್ಮ ದಿನವೂ ಕೆಲಸದಿಂದ ಬರುತ್ತಾ ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದರು. ಕೈಗೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಒಂದು ಲೋಟ ಕಾಫಿ ಕುಡಿಯುತ್ತಿದ್ದರು ಅಷ್ಟೆ. ಅಮ್ಮ ಆ ಕಾಫಿಗೆ ಒಂದು ಲೋಟವನ್ನು ಬೇರೆ ಮಾಡಿ ಕಿಟಕಿಯ ಮೇಲೆ ಇಟ್ಟಿದ್ದಳು. ಅವರು ಯಾವ ಕೇರಿಯವರು ಎಂದು ಅಷ್ಟರಲ್ಲಿ ಯಾರೋ ಅವಳ ಕಿವಿಗೆ ಹಾಕಿದ್ದರು. ನಾನು ನೋಡಿದ್ದೆ, ನನಗೆ ಸರಿ ಕಂಡಿರಲಿಲ್ಲ. ಜ್ವರದಲ್ಲಿರುವ ಅಮ್ಮನ ಜೊತೆ ಜಗಳ ಯಾಕೆಂದು ಸುಮ್ಮನಿದ್ದೆ. ನಾಲ್ಕನೆಯ ದಿನ ನರ್ಸಮ್ಮ ಕಾಫಿ ಕುಡಿದು, ತಾವೇ ಎದ್ದು, ಲೋಟ ತೊಳೆದು, ಸೀದಾ ಅಡುಗೆಮನೆಗೆ ಹೋಗಿ ಗೂಡಿನಲ್ಲಿದ್ದ ಹತ್ತು ಲೋಟಗಳ ಮಧ್ಯೆ ಅದನ್ನು ಇಟ್ಟುಬಂದರು.

"ಲೋಟ ಒಂಟಿಯಾಗಿದ್ರೆ ಕಳೆದುಹೋಗುತ್ತೆ ಅಮ್ಮಾವ್ರೆ. ಜೊತೇಲಿಡಿ."

ಎಲ್ಲವೂ ಒಂದೇ ಥರದ ಸ್ಟೀಲ್ ಲೋಟಗಳು. ಯಾವುದು ಯಾವುದೆಂದು ಹೇಳುವವರಿಲ್ಲ. ಅಮ್ಮ ಹಾಸಿಗೆಯ ಮೇಲೆ ಕೂತು ಕಣ್ಣು ಮಿಟುಕಿಸುತ್ತಿದ್ದಳು. "ಕೆನ್ನೆಗೆ ಹೊಡೆದಿದ್ರೂ ಅಷ್ಟು ಉರೀತಿರ್ಲಿಲ್ಲ ಕಣೇ" ಎಂದು ಆಮೇಲೆ ಹೇಳುತ್ತಿದ್ದಳು. ಆ ದಿನದ ಮೇಲೆ ನಮ್ಮ ಮನೆಯಲ್ಲಿ ಯಾರ ಲೋಟವೂ ಬೇರೆಯಾಗಲಿಲ್ಲ. ಅಮ್ಮಾವ್ರೆ ಹೋಗಿ ಅಕ್ಕ ಆಯಿತು. ವೈಶಾಖದ ಹುಣ್ಣಿಮೆಯ ದಿನ ನರ್ಸಮ್ಮ ತಮ್ಮ ಮನೆಯ ಬುದ್ಧನ ಪಟಕ್ಕೆ ಹೂವಿಟ್ಟು ಓಣಿಗೆಲ್ಲ ಪಾಯಸ ಹಂಚುತ್ತಿದ್ದರು. ಅಮ್ಮ ಹಿಂದಿನ ಸಂಜೆಯೇ ಹೋಗಿ ಅವರ ಜೊತೆ ಕೂತು ಏಲಕ್ಕಿ ಬಿಡಿಸುತ್ತಿದ್ದಳು. ಐವತ್ತೈದು ವರ್ಷ ಒಂದು ರೀತಿ ಬದುಕಿದ ಹೆಂಗಸು ಒಂದು ಮಾತಿಗೆ ತಿದ್ದಿಕೊಂಡಳು. ನಾನು ಅಮ್ಮನಿಗಿಂತ ಹೆಚ್ಚು ಓದಿದವಳು, ಇಂಥದ್ದರಲ್ಲಿ ಅವಳಿಗಿಂತ ಎಷ್ಟೋ ಮುಂದೆ ಇದ್ದೇನೆ ಎಂದು ನಂಬಿದ್ದವಳು.

ಓಣಿಯ ಹಿಂದೆ ಮುಚ್ಚಿಹೋದ ಒಂದು ಕಾರ್ಖಾನೆಯ ಬಯಲಿತ್ತು. ಊರಿನವರು ಅದರ ನಡುವೆ ಕಾಲುದಾರಿ ಮಾಡಿಕೊಂಡು ಬಸ್ಸಿಗೆ ಹೋಗುತ್ತಿದ್ದರು. ಆ ಬಯಲಿನಲ್ಲೇ ಈಗಿನ ನಮ್ಮ ಅಪಾರ್ಟ್‌ಮೆಂಟ್ ಎದ್ದಿತು. ನಾಲ್ಕು ಗೋಪುರಗಳು, ಈಜುಕೊಳ, ಸುತ್ತ ಎತ್ತರದ ಗೋಡೆ, ಗೋಡೆಯ ಮೇಲೆ ತಂತಿ. ಸಾಲ ತೆಗೆದು ನಾವೂ ಒಂದು ಫ್ಲ್ಯಾಟು ಕೊಂಡೆವು. "ಎಲ್ಲಿಗೂ ಹೋಗ್ತಿಲ್ಲ ಅಕ್ಕ, ಗೋಡೆಯಾಚೆಗೆ ಹೋಗ್ತಿದೀರ" ಎಂದು ನರ್ಸಮ್ಮ ಅಮ್ಮನಿಗೆ ಸಮಾಧಾನ ಹೇಳಿದರು. ಪಾತ್ರೆ ಸಾಗಿಸಲು ಅವರೇ ಎರಡು ಸಲ ಬಂದರು.

ಮೊದಲ ವರ್ಷ ಚೆನ್ನಾಗಿಯೇ ಇತ್ತು. ಓಣಿಯ ಕಡೆಗೆ ಗೋಡೆಯಲ್ಲಿ ಒಂದು ಸಣ್ಣ ಗೇಟಿತ್ತು. ಸಂಜೆ ನಾಲ್ಕಕ್ಕೆ ಸರಿಯಾಗಿ ನರ್ಸಮ್ಮ ಅದರಿಂದ ಬಂದು ಲಿಫ್ಟು ಹತ್ತುತ್ತಿದ್ದರು. ಮಂಡಿನೋವಿನಿಂದ ಅಮ್ಮ ಕೆಳಗಿಳಿಯುವುದು ನಿಂತೇಹೋಗಿತ್ತು. ಕಿವಿಯೂ ಮಂದವಾಗಿತ್ತು, ಫೋನಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ನಾನು ವಿಮಾ ಕಂಪನಿಯೊಂದರ ಕಚೇರಿಯಲ್ಲಿ, ಗಂಡ ಅವರ ಕೆಲಸದಲ್ಲಿ, ಮಗಳು ಕಾಲೇಜಿನಲ್ಲಿ. ಬೆಳಗ್ಗೆ ಅವಸರದಲ್ಲಿ ಬಂದುಹೋಗುವ ಮಂಜುಳಳನ್ನು ಬಿಟ್ಟರೆ ಇಡೀ ದಿನದಲ್ಲಿ ಅಮ್ಮನೊಡನೆ ಮಾತಾಡುವ ಮನುಷ್ಯರೆಂದರೆ ನರ್ಸಮ್ಮ ಒಬ್ಬರೇ. ಚೀಲದಿಂದ ತಮ್ಮ ಬಿಪಿ ಮೆಷಿನ್ ತೆಗೆದು ಅಮ್ಮನ ತೋಳಿಗೆ ಸುತ್ತಿ, ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯುವರು. ಆಮೇಲೆ ಕಾಫಿ, ಒಂದು ಹಿಡಿ ಕಾಂಗ್ರೆಸ್ ಕಡಲೇಕಾಯಿ, ಊರಿನ ಸಮಾಚಾರ. ಸಂಜೆ ನಾನು ಬಂದಾಗ ಅಮ್ಮ ಹೇಳಲು ಹತ್ತು ಸುದ್ದಿ ಇಟ್ಟುಕೊಂಡಿರುತ್ತಿದ್ದಳು.

ಎರಡನೆಯ ವರ್ಷ ಅಸೋಸಿಯೇಷನ್ ಸಭೆಯಲ್ಲಿ ಆ ಸಣ್ಣ ಗೇಟು ಮುಚ್ಚುವ ವಿಷಯ ಬಂತು. ಒಂದು ಸೈಕಲ್ ಕಳುವಾಗಿತ್ತು. ಹಳ್ಳಿಯ ಕಡೆ ಗೇಟು ಇದ್ದರೆ ಸೇಫ್ಟಿ ಇಲ್ಲ, ಎಲ್ಲರೂ ಮೇನ್ ಗೇಟಿನಿಂದಲೇ ಬರಲಿ ಎಂದರು. ಕೈ ಎತ್ತಲು ಹೇಳಿದರು. ನಾನು ಬೇಕು ಎಂದೂ ಎತ್ತಲಿಲ್ಲ, ಬೇಡ ಎಂದೂ ಎತ್ತಲಿಲ್ಲ. ಒಬ್ಬ ವಯಸ್ಸಾದ ಹೆಂಗಸು ದಿನವೂ ನಮ್ಮ ಮನೆಗೆ ಆ ಗೇಟಿನಿಂದ ಬರುತ್ತಾರೆ ಎಂದು ಎದ್ದುನಿಂತು ಹೇಳಬಹುದಿತ್ತು. ಅಷ್ಟು ಜನರೆದುರು ಹಳ್ಳಿಯವರ ಪರ ವಹಿಸಿದಂತೆ ಕಾಣುತ್ತದೆ ಎನ್ನಿಸಿತು. ಮರುವಾರ ಗೇಟಿನ ಜಾಗದಲ್ಲಿ ಇಟ್ಟಿಗೆ ಕಟ್ಟಿದರು.

ನರ್ಸಮ್ಮ ಈಗ ಓಣಿ ಸುತ್ತಿ, ದೊಡ್ಡ ರಸ್ತೆಗೆ ಬಂದು, ಮೇನ್ ಗೇಟಿಗೆ ಬರಬೇಕಾಯಿತು. ಅವರಿಗೂ ಎಪ್ಪತ್ತು ಹತ್ತಿರವಾಗಿತ್ತು. ಗೇಟಿನಲ್ಲಿ ಗಾರ್ಡ್ ಇಂಟರ್‌ಕಾಮ್ ಒತ್ತಿದರೆ ಅಮ್ಮನಿಗೆ ಕೇಳಿಸದು. ಅವನು ನನಗೆ ಫೋನ್ ಮಾಡುವನು, ನಾನು ಕೆಲಸದಲ್ಲಿ ಇರುವೆನು. ಬಿಸಿಲಿನಲ್ಲಿ ಅವರು ಕಾಯುವುದು ದಿನದ ಮಾತಾಯಿತು. "ಇದಕ್ಕೊಂದು ದಾರಿ ಮಾಡಮ್ಮ" ಎಂದು ಅವರೇ ಒಂದು ದಿನ ನನಗೆ ಹೇಳಿದರು.

ದಾರಿ ಮಾಡಿದೆ. ಗೇಟಿಗಾಗಿ ನಮ್ಮೆಲ್ಲರ ಫೋನಿನಲ್ಲಿ ಒಂದು ಆಪ್ ಹಾಕಿಸಿದ್ದರು. ಅದರಲ್ಲಿ ಅತಿಥಿ ಎಂದು ಹಾಕಿದರೆ ಒಂದು ದಿನಕ್ಕೆ ಮಾತ್ರ ಅನುಮತಿ, ದಿನಾ ಹೊಸದಾಗಿ ಒತ್ತಬೇಕು. ಕಾಯಂ ಪಾಸು ಬೇಕಿದ್ದರೆ ದಿನಗೆಲಸದವರು ಎಂಬ ಪಟ್ಟಿ. ಅದರೊಳಗೆ ಅಡುಗೆಯವರು, ಡ್ರೈವರ್, ಕಾರು ತೊಳೆಯುವವರು, ಮೇಡ್. ಸ್ನೇಹಿತೆ ಎಂಬುದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮೆಟ್ರೋದಲ್ಲಿ ನಿಂತುಕೊಂಡೇ ಮೇಡ್ ಎಂಬುದನ್ನು ಒತ್ತಿದೆ. ಒಂದು ಕ್ಷಣದ ಕೆಲಸ. ಮಾರನೆಯ ದಿನ ಗೇಟಿನಲ್ಲಿ ಅವರ ಫೋಟೋ ಹಿಡಿದು, ಕೆಂಪು ದಾರದ ಕಾರ್ಡು ಕೊಟ್ಟರು. ಅದರ ಮೇಲೆ ನಮ್ಮ ಫ್ಲ್ಯಾಟಿನ ನಂಬರು, ಕೆಳಗೆ ದಪ್ಪ ಅಕ್ಷರದಲ್ಲಿ 'ಮೇಡ್'. ಹೆಸರಿಗೆ ಅದರಲ್ಲಿ ಜಾಗವಿರಲಿಲ್ಲ. ಆ ಕಾರ್ಡಿನವರು ಹಿಂದಿನ ಸರ್ವಿಸ್ ಲಿಫ್ಟಿನಲ್ಲಿ ಬರಬೇಕು ಎಂಬ ನಿಯಮ ನನಗೆ ಗೊತ್ತಿತ್ತು. ನೆನಪಿಗೆ ಬರಲಿಲ್ಲ, ಅಥವಾ ಬಂದರೂ ದೊಡ್ಡದೆನಿಸಲಿಲ್ಲ.

ನರ್ಸಮ್ಮ ಎರಡು ವಾರ ಆ ಕಾರ್ಡು ಹಾಕಿಕೊಂಡು, ಕಸದ ಡಬ್ಬಗಳ ಜೊತೆ ಲಿಫ್ಟಿನಲ್ಲಿ ಬಂದರು. ಅಮ್ಮನ ಮುಂದೆ ಬರುವಾಗ ಕಾರ್ಡನ್ನು ಚೀಲದೊಳಗೆ ಹಾಕಿಕೊಳ್ಳುತ್ತಿದ್ದರಂತೆ. ನನಗೆ ಒಂದು ಮಾತೂ ಹೇಳಲಿಲ್ಲ.

ಆಮೇಲೆ ಒಂದು ಗುರುವಾರ ಸಂಜೆ ಐದರ ಹೊತ್ತಿಗೆ ನನಗೆ ಗೇಟಿನಿಂದ ಫೋನ್ ಬಂತು. ನಾನು ಮೀಟಿಂಗಿನಲ್ಲಿದ್ದೆ, ಎದುರಿಗೆ ಮೇಲಧಿಕಾರಿಗಳು. ಬಾಯಿಗೆ ಕೈ ಅಡ್ಡ ಹಿಡಿದು ಎತ್ತಿದೆ.

"ಮೇಡಂ, ನಿಮ್ಮ ಮನೆ ಮೇಡು ಬ್ಯಾಗಲ್ಲಿ ಒಂದು ಮೆಷಿನ್ ತಗೊಂಡು ಹೋಗ್ತಿದಾರೆ. ಬಿಪಿ ನೋಡೋದು. ಪರ್ಮಿಷನ್ ಇದೆಯಾ?"

"ಹ್ಞಾಂ ಇದೆ, ಇದೆ. ಬಿಡಿ" ಎಂದು ಇಟ್ಟುಬಿಟ್ಟೆ.

ಮೀಟಿಂಗು ಮುಗಿಸಿ ಹೊರಗೆ ಬಂದು ನೀರು ಕುಡಿಯುವಾಗಲೇ ನಾನು ಹೇಳಿದ್ದು ಏನು ಎಂದು ನನಗೆ ಕೇಳಿಸಿದ್ದು. ಅದು ಅವರದೇ ಮೆಷಿನ್ ಎನ್ನಲಿಲ್ಲ. ಅವರು ನಮ್ಮ ಕೆಲಸದವರಲ್ಲ ಎನ್ನಲಿಲ್ಲ. ಅವರ ವಸ್ತುವನ್ನು ಅವರು ತೆಗೆದುಕೊಂಡು ಹೋಗಲು ನಾನು ಅನುಮತಿ ಕೊಟ್ಟಿದ್ದೆ. ಗಾರ್ಡ್‌ಗಳು ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ ಎಂಬುದೂ ನೆನಪಾಯಿತು. ನರ್ಸಮ್ಮನ ಸುತ್ತ ಬ್ಯಾಗು ತೋರಿಸಲು ಸಾಲಿನಲ್ಲಿ ನಿಂತವರಿರುತ್ತಾರೆ. ಆ ಸಾಲಿನ ಅರ್ಧ ಜನ ನರ್ಸಮ್ಮನ ಕೈಯಲ್ಲಿ ಹುಟ್ಟಿದವರು, ಇಲ್ಲವೇ ಹೆತ್ತವರು.

ಕೂಡಲೇ ಫೋನ್ ಮಾಡಬೇಕೆಂದುಕೊಂಡೆ. ಏನೆಂದು ಮಾಡುವುದು ಎಂದು ಯೋಚಿಸಿ ಬಿಟ್ಟೆ.

ಭಾನುವಾರ ಬೆಳಗ್ಗೆ ಅವರೇ ಬಂದರು. ಅತಿಥಿಯಾಗಿ ಗೇಟಿನಲ್ಲಿ ಹೆಸರು ಬರೆಸಿ, ಕಾದು, ಮುಂದಿನ ಲಿಫ್ಟಿನಲ್ಲಿ. ಸೋಪು ಕೇಳಿದರು, ಕೈ ತೊಳೆದರು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಕೆಂಪು ದಾರದ ಕಾರ್ಡನ್ನು ನೀಟಾಗಿ ಸುತ್ತಿ ಟೀಪಾಯಿಯ ಮೇಲೆ ಇಟ್ಟರು.

"ಇದು ನಿನ್ನ ಹತ್ರಾನೇ ಇರ್ಲಿ ಕಣಮ್ಮ. ಮೂವತ್ತೈದು ವರ್ಷ ಎದೆ ಮೇಲೆ ಬಿಲ್ಲೆ ಹಾಕ್ಕೊಂಡಿದ್ದೆ. ಅದರಲ್ಲಿ ನನ್ನ ಹೆಸರಿತ್ತು."

"ಅಯ್ಯೋ, ಅದು ಬರೀ ಆಪಲ್ಲಿ ನರ್ಸಮ್ಮ. ಅದರಲ್ಲಿ ಬೇರೆ ಆಪ್ಷನ್ ಇರ್ಲಿಲ್ಲ. ಸಿಸ್ಟಂ ಹಾಗಿದೆ. ನಿಮಗೆ ದಿನಾ ಕಾಯೋದು ತಪ್ಪಲಿ ಅಂತ..."

"ಆಪಲ್ಲಿ ಜಾಗ ಇರ್ಲಿಲ್ಲ, ಸರಿ. ನಿನ್ನ ಬಾಯಲ್ಲೂ ಇರ್ಲಿಲ್ವಾ?"

ಅವರ ದನಿ ಏರಲಿಲ್ಲ. ಮಗುವಿಗೆ ಜ್ವರ ಯಾವತ್ತಿನಿಂದ ಎಂದು ಕೇಳುವ ದನಿಯಲ್ಲೇ ಕೇಳಿದರು. ಕ್ಷಮಿಸಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದರ ಬದಲು, "ಕಾಫಿ ತರ್ತೀನಿ ಇರಿ" ಎಂದು ಒಳಗೆ ಹೋದೆ. ನಾನು ಕಾಫಿ ತರುವಷ್ಟರಲ್ಲಿ ಅವರು ಅಮ್ಮನ ಕೋಣೆಯಲ್ಲಿದ್ದರು. ಬಿಪಿ ನೋಡಿ ಕ್ಯಾಲೆಂಡರಿನಲ್ಲಿ ಬರೆದರು. "ಅಕ್ಕ, ನನಗೂ ಮಂಡಿ ಹಿಡ್ಕೊಂಡಿದೆ. ದಿನಾ ಬರಕ್ಕಾಗಲ್ಲ. ಉಪ್ಪು ಕಮ್ಮಿ ತಿನ್ನಿ" ಎಂದರು. ಕಾಫಿ ಕುಡಿದರು. ಅಮ್ಮನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತಿದ್ದು ಹೋದರು. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಅಮ್ಮ ದಿನವೂ ಕೇಳುತ್ತಿದ್ದಳು. ಒಂದು ವಾರ ಮಂಡಿನೋವು ಎಂದೆ. ಎರಡನೆಯ ವಾರ, "ಮಗನ ಮನೆಗೆ ತುಮಕೂರಿಗೆ ಹೋಗಿದಾರಂತೆ" ಎಂದೆ.

"ಹೇಳ್ದೆ ಹೋಗೋಳಲ್ಲ ಅವಳು."

"ಅವಸರ ಇತ್ತಂತಮ್ಮ."

ನಾಲ್ಕು ಗಂಟೆಗೆ ಅಮ್ಮ ವಾಕರ್ ಹಿಡಿದು ಹಿಂಬದಿಯ ಬಾಲ್ಕನಿಗೆ ಹೋಗಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಳು. ಅಲ್ಲಿಂದ ಗೋಡೆಯಾಚೆಯ ಓಣಿಗಳು ಕಾಣುತ್ತವೆ, ನರ್ಸಮ್ಮನ ಮನೆಯ ತಾರಸಿಯೂ ಕಾಣುತ್ತದೆ. ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಅಮ್ಮ ನನ್ನ ಕಡೆ ತಿರುಗದೆಯೇ ಹೇಳಿದಳು.

"ಅವಳು ತುಮಕೂರಿಗೆ ಹೋಗಿಲ್ಲವಂತೆ. ಮಂಜುಳ ಹೇಳಿದ್ಲು. ಬೆಳಗ್ಗೆ ಸೊಪ್ಪು ತಗೋತಿದ್ಲಂತೆ."

ನಾನು ಚಪ್ಪಲಿ ಬಿಚ್ಚುತ್ತಾ ನಿಂತೆ. ಯಾಕೆ ಸುಳ್ಳು ಹೇಳಿದೆ ಎಂದು ಅವಳು ಕೇಳಲಿಲ್ಲ. ಬೇರೆ ಯಾವತ್ತೂ ಕೇಳಲಿಲ್ಲ. "ಒಂದು ದಿನ ಅವಳ ಮನೆಗೆ ಕರ್ಕೊಂಡು ಹೋಗು" ಎಂದಳು ಅಷ್ಟೆ. ಭಾನುವಾರ ಹೋಗೋಣ ಎಂದೆ. ಗಾಲಿಕುರ್ಚಿ ಕಾರಿನಲ್ಲಿ ಹಿಡಿಸುವುದಿಲ್ಲ, ಓಣಿಗೆ ಕಾರು ಹೋಗುವುದಿಲ್ಲ, ಈ ವಾರ ನೆಂಟರು, ಮುಂದಿನ ವಾರ ಮಳೆ. ಭಾನುವಾರಗಳು ಹಾಗೇ ಹೋದವು. ನಿಜವಾದ ಕಾರಣ ನನಗೆ ಗೊತ್ತಿತ್ತು. ಅವರಿಬ್ಬರೂ ಎದುರೆದುರು ಕೂತರೆ ಕಾರ್ಡಿನ ಮಾತು ಬರುತ್ತದೆ, ಅಮ್ಮನಿಗೆ ತಿಳಿಯುತ್ತದೆ. ಅವಳು ಒಂದು ಲೋಟಕ್ಕೆ ಅಷ್ಟು ನಾಚಿಕೊಂಡವಳು.

ಕೊನೆಯ ಅಂಕಿ ಬರೆದ ಆ ಕ್ಯಾಲೆಂಡರಿನ ಹಾಳೆಯನ್ನು ಅಮ್ಮ ತಿರುಗಿಸಲು ಬಿಡಲಿಲ್ಲ. ಎಂಟು ತಿಂಗಳ ನಂತರ, ಪಾರ್ಶ್ವವಾಯು ಬಡಿದು ಆಸ್ಪತ್ರೆಯಲ್ಲಿ ಮೂರು ದಿನವಿದ್ದು ಅಮ್ಮ ತೀರಿಕೊಂಡಳು.

ಬೆಳಗ್ಗೆ ಮನೆಗೆ ತಂದೆವು. ಫ್ಲ್ಯಾಟಿನ ತುಂಬ ಜನ. ನನ್ನ ಫೋನಿನಲ್ಲಿ ಆ ಆಪು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು: ಹೂವಿನವನು, ಐಸಿನವನು, ಯಾರ್ಯಾರೋ. ತಲೆ ಸಿಡಿಯುತ್ತಿತ್ತು. ಫೋನನ್ನು ಗಂಡನ ಕೈಗೆ ಕೊಟ್ಟು, "ನೆಂಟರನ್ನ ಬಿಟ್ಟು ಬೇರೆ ಯಾರೂ ಬೇಡ, ಎಲ್ಲ ರಿಜೆಕ್ಟ್ ಮಾಡಿ" ಎಂದೆ. ಅಮ್ಮನ ತಲೆಯ ಬಳಿ ಕೂತು ಬಾಗಿಲ ಕಡೆ ನೋಡುತ್ತಲೇ ಇದ್ದೆ. ನರ್ಸಮ್ಮ ಬರಲಿಲ್ಲ. ಊರಿಗೆ ಸುದ್ದಿ ಮುಟ್ಟದೆ ಇರಲು ಸಾಧ್ಯವಿರಲಿಲ್ಲ, ಮಂಜುಳ ಬೆಳಗ್ಗೆಯೇ ಬಂದಿದ್ದಳು.

ಈಗ ಹೇಳುವುದು ಎಲ್ಲಕ್ಕಿಂತ ಕೀಳಾದದ್ದು. ಅವರು ಬರಲಿಲ್ಲ ಎಂಬುದು ನನ್ನೊಳಗೆ ಒಂದು ಬಗೆಯ ಸಮಾಧಾನ ತಂದಿತು. ನಾನೊಂದು ತಪ್ಪು ಮಾಡಿದ್ದೆ, ನಿಜ. ಸಾವಿನ ಮನೆಗೂ ಬರದಷ್ಟು ಹಟವೇ ಎಂದುಕೊಂಡೆ. ಗಂಡನ ಹತ್ತಿರ ಹಾಗೇ ಹೇಳಿದೆ ಕೂಡ. ಲೆಕ್ಕ ಸರಿಹೋಯಿತು ಎನ್ನಿಸಿತು. ಆಮೇಲಿನ ಎರಡು ವರ್ಷ ದೊಡ್ಡ ರಸ್ತೆಯಲ್ಲಿ ಆ ಛತ್ರಿ ಕಂಡಾಗಲೆಲ್ಲ ಕಾರಿನ ಗಾಜು ಏರಿಸಿಯೇ ಮುಂದೆ ಹೋದೆ. ಹಾಗೆ ಹೋಗಲು ನನಗೊಂದು ಕಾರಣ ಸಿಕ್ಕಿತ್ತು.

ಮಂಜುಳ ಸುದ್ದಿ ಹೇಳಿದ ಮರುದಿನ ರಜೆ ಹಾಕಿ ಅವರ ಮನೆಗೆ ಹೋದೆ. ಗೇಟಿನಿಂದ ನಡೆದೇ ಹೋದೆ. ಓಣಿ ಸುತ್ತಿ ಹೋಗಲು ಹದಿನೇಳು ನಿಮಿಷ ಹಿಡಿಯಿತು. ಎಪ್ಪತ್ತರ ಹೆಂಗಸು ಇಷ್ಟನ್ನು ದಿನಕ್ಕೆ ಎರಡು ಬಾರಿ ನಡೆದಿದ್ದರು.

ಬಾಗಿಲು ತೆರೆದೇ ಇತ್ತು. ಹಜಾರದಲ್ಲಿ ಬುದ್ಧನ ಪಟದ ಪಕ್ಕಕ್ಕೆ ನರ್ಸಮ್ಮನ ಪಟ, ಬಿಳಿ ಯೂನಿಫಾರ್ಮಿನದು. ಸೊಸೆ ಒಬ್ಬಳೇ ಇದ್ದಳು. ಮಗನಿಗೆ ಬೆಂಗಳೂರಿಗೆ ವರ್ಗವಾಗಿ ಎರಡು ವರ್ಷಕ್ಕೂ ಸ್ವಲ್ಪ ಹಿಂದೆ ಅವರೆಲ್ಲ ಇಲ್ಲಿಗೆ ಬಂದಿದ್ದರಂತೆ. ಅವಳು ನನ್ನನ್ನು ನೋಡಿದವಳಲ್ಲ. ಯಾರು, ಏನು ಎಂದು ಕೇಳುವ ಮೊದಲೇ ಚಾಪೆ ಹಾಸಿ ಕೂರಿಸಿದಳು, ನೀರು ಕೊಟ್ಟಳು. ನಿದ್ದೆಯಲ್ಲೇ ಹೋದರು, ಯಾರಿಗೂ ತೊಂದರೆ ಕೊಡಲಿಲ್ಲ ಎಂದಳು.

"ನೀವೆಲ್ಲಿಂದ ಬಂದ್ರಿ ಅಕ್ಕ?"

"ಅಪಾರ್ಟ್‌ಮೆಂಟಿಂದ" ಎಂದೆ.

ಅವಳ ಮುಖ ಅರಳಿತು. "ಹೌದಾ? ಅಲ್ಲಿ ನಮ್ಮ ಅತ್ತೆ ಫ್ರೆಂಡ್ ಒಬ್ರು ಅಜ್ಜಿ ಇದ್ರು. ಒಂಬತ್ತನೇ ಫ್ಲೋರು. ನಿಮಗೆ ಗೊತ್ತಾ?"

"ಗೊತ್ತು."

"ಅತ್ತೆ ಯಾವಾಗ್ಲೂ ಅವರ ಮಾತೇ ಆಡ್ತಿದ್ರು. ಅವರು ಹೋದ ದಿನ ಎಷ್ಟು ಅತ್ರು ಅಂತೀರ. ನಾವು ಆಗ ತಾನೇ ಬಂದಿದ್ವಿ, ನಾನೂ ಅತ್ತೆ ಜೊತೆ ಹೋಗಿದ್ದೆ. ಗೇಟಲ್ಲಿ ಒಳಗೆ ಬಿಡ್ಲಿಲ್ಲ. ಮನೆಯಿಂದ ಬೇಡ ಅಂದಿದಾರೆ ಅಂದ್ರು. ಮೂರು ಸಲ ಹಾಕ್ಸಿದ್ರು, ಮೂರು ಸಲಾನೂ ಹಾಗೇ ಬಂತು. ಬನ್ನಿ ಅತ್ತೆ ಹೋಗೋಣ ಅಂದ್ರೆ ಕೇಳ್ಲಿಲ್ಲ. ಹತ್ತು ಗಂಟೆಯಿಂದ ಒಂದು ಗಂಟೆವರೆಗೂ ಬಿಸಿಲಲ್ಲಿ ಅಲ್ಲೇ ನಿಂತಿದ್ರು. ಆಮೇಲೆ ಗಾಡಿ ಬಂತು. ಗೇಟ್ ಹತ್ರ ಹಂಪ್ಸ್ ಇದೆಯಲ್ಲ, ಅಲ್ಲಿ ನಿಧಾನ ಆಯ್ತು. ಅತ್ತೆ ಓಡಿಹೋಗಿ ಗಾಜಿನ ಮೇಲೆ ಕೈ ಇಟ್ರು. ಒಂದೇ ನಿಮಿಷ. ಗಾಡಿ ಹೋಯ್ತು."

ಆ ಗಾಡಿಯಲ್ಲಿ ಅಮ್ಮನ ಪಕ್ಕ ಕೂತಿದ್ದವಳು ನಾನು. ಸ್ಮಶಾನದಲ್ಲಿ ಕೊಟ್ಟ ಸಮಯ ಮೀರುತ್ತದೆಂದು ಯಾರಿಗೋ ಮೆಸೇಜು ಮಾಡುತ್ತಿದ್ದೆ. ತಲೆ ಎತ್ತಿರಲಿಲ್ಲ.

ಸೊಸೆ ನನ್ನ ಲೋಟಕ್ಕೆ ಇನ್ನಷ್ಟು ನೀರು ಹಾಕಿದಳು. ನನ್ನ ಕಣ್ಣು ಕಂಡು ಅವಳೂ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬೇಜಾರಾಗ್ಲಿಲ್ವಾ ಅವರಿಗೆ?" ಎಂದು ಕೇಳಿದೆ.

"ನನಗೆ ಸಿಟ್ಟು ಬಂದಿತ್ತು. ಎಂಥ ಜನ ಅಂತ ಬೈದೆ. ಅತ್ತೆ ನನಗೇ ಬೈದ್ರು. ಸಾವಿನ ಮನೇಲಿ ಫೋನು ಯಾರ ಕೈಲಿ ಇರುತ್ತೋ ಏನೋ ಅಂದ್ರು. ಆ ಅಜ್ಜಿ ಮಗಳ ಬಗ್ಗೆ, 'ಆ ಹುಡುಗಿ ಕೆಟ್ಟೋಳಲ್ಲ ಕಣೇ, ಪುಕ್ಲು ಅಷ್ಟೆ. ಒಂದಿನ ಬರ್ತಾಳೆ ನೋಡು' ಅಂತಿದ್ರು. ಬಾಗ್ಲಲ್ಲಿ ಯಾರ ಚಪ್ಪಲಿ ಸದ್ದಾದ್ರೂ ಕತ್ತು ಎತ್ತಿ ನೋಡೋರು."

ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಹೋದ. ಅವಳು ಅವನು ದಾಟಿ ಹೋಗುವವರೆಗೆ ಕಾದು, ನನ್ನನ್ನೇ ನೋಡುತ್ತಾ ಕೇಳಿದಳು.

"ಅವರು ಈಗಲೂ ಅಲ್ಲೇ ಇದಾರಾ ಅಕ್ಕ, ಆ ಮಗಳು?"

"ಇದಾರೆ."

"ಸಿಕ್ಕಿದ್ರೆ ಒಂದು ಮಾತು ಹೇಳ್ತೀರಾ? ಅತ್ತೆ ಮನಸ್ಸಲ್ಲಿ ಏನೂ ಇಟ್ಕೊಂಡಿರ್ಲಿಲ್ಲ ಅಂತ. ಪಾಪ, ಅವರಿಗೆ ಗೊತ್ತಿರಲ್ಲ."

ನಾನೇ ಎಂದು ಹೇಳಲು ಬಾಯಿ ತೆರೆದೆ.

"ಹೇಳ್ತೀನಿ" ಎಂದೆ.